ಅಟ್ಟದ ಮೇಲಿನ ಓಲೆಗಳು

"ಗುರುಗಳೇ, ವರದಿಯಿಂದ ಒಂದು ಪುಟ ತೆಗೆದುಬಿಟ್ಟರೆ ತಪ್ಪೇ?" ಎಂದು ಮರುಳಸಿದ್ಧ ತನ್ನ ಹಳೆಯ ಗುರುಗಳನ್ನು ಕೇಳಿದ.

ಅವನು ಪದವಿ ಕಾಲೇಜಿನ ಅಧ್ಯಾಪಕ. ಸೋಮವಾರ ಮಾನ್ಯತಾ ಸಮಿತಿಯವರು ಬಂದು ಕಾಲೇಜಿಗೆ ಶ್ರೇಣಿ ಕೊಡುವವರಿದ್ದರು. ವರದಿ ಬರೆಯುವ ಹೊಣೆ ಅವನದು. ಕಾಲೇಜಿಗೆ ಕಾಲೇಜೇ ಸಂಭ್ರಮದಲ್ಲಿತ್ತು. ಆದರೆ ಒಂದು ಪುಟದಲ್ಲಿ, ಗಣಿತದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳು ನಪಾಸಾದ ಸಂಗತಿಯಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಬ್ಬ ವೈದ್ಯನಿದ್ದ. ಮುರಿದ ಮೂಳೆ ಕೂಡಿಸುವ ವಿದ್ಯೆಯನ್ನು ಕಲಿಸುವ ಶಾಲೆ ನಡೆಸುತ್ತಿದ್ದ. ಒಂದು ವರ್ಷ ಅರಸ ಹೊಸ ಕಟ್ಟಳೆ ತಂದ. ಪರೀಕ್ಷಕ ಬಂದು ನೋಡಿ ಮುದ್ರೆ ಒತ್ತಿದ ಶಾಲೆಗಳು ಮಾತ್ರ ಕಲಿಸಬಹುದು. ಉಳಿದವು ಬಾಗಿಲು ಹಾಕಬೇಕು.

ವೈದ್ಯ ಗೋಡೆಗಳಿಗೆ ಸುಣ್ಣ ಹೊಡೆಸಿದ. ಶಿಷ್ಯರಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದ. ಶಾಲೆಯಲ್ಲಿ ಒಂದು ಓಲೆಕಂತೆಯಿತ್ತು. ಚಿಕಿತ್ಸೆ ಕೆಟ್ಟಾಗಲೆಲ್ಲ ಅವನೇ ಅದರಲ್ಲಿ ಬರೆದಿಡುತ್ತಿದ್ದ. ಅದನ್ನು ಅಟ್ಟಕ್ಕೆ ಏರಿಸಿದ.

ಪರೀಕ್ಷಕ ಬಂದ. ಶಿಷ್ಯರು ತಡವರಿಸದೆ ಒಪ್ಪಿಸಿದರು. ಎಲ್ಲರ ಎದೆಯೂ ಹಿಗ್ಗುತ್ತಿತ್ತು. ಕೊನೆಗೆ ಪರೀಕ್ಷಕ ಒಂದೇ ಮಾತು ಕೇಳಿದ.

"ನಿಮ್ಮ ಕೈಯಲ್ಲಿ ಕೆಟ್ಟ ಚಿಕಿತ್ಸೆಗಳು ಎಷ್ಟು?"

"ಒಂದೂ ಇಲ್ಲ" ಎಂದ ವೈದ್ಯ.

ಇದೇ ಉತ್ತರವನ್ನು ಆರು ಶಾಲೆಗಳಲ್ಲಿ ಕೇಳಿ ಬಂದೆನೆಂದು ಹೇಳಿ ಪರೀಕ್ಷಕ ಮುದ್ರೆ ಒತ್ತದೆ ಎದ್ದು ನಿಂತ. ಆಗ ಹಿರಿಯ ಶಿಷ್ಯೆಯೊಬ್ಬಳು ಯಾರನ್ನೂ ಕೇಳದೆ ಅಟ್ಟ ಹತ್ತಿದಳು. ಕಂತೆಯನ್ನು ತಂದು ಅವನ ಮುಂದಿಟ್ಟು, ತಾವು ಕಲಿತದ್ದೆಲ್ಲ ಇದರಿಂದಲೇ ಎಂದಳು. ವೈದ್ಯ ಅವಳನ್ನು ತಡೆಯಲಿಲ್ಲ.

ಪರೀಕ್ಷಕ ನಿಂತೇ ಮೊದಲ ಓಲೆ ಓದಿದ. ನೇಕಾರನ ಕೈಗೆ ಪಟ್ಟಿ ಬಿಗಿಯಾಗಿ ಸುತ್ತಿದೆವು, ಬೆರಳು ಕಪ್ಪಾದದ್ದನ್ನು ನೋಡಲಿಲ್ಲ, ಕೈ ಉಳಿಯಲಿಲ್ಲ. ಇನ್ನು ಪಟ್ಟಿ ಸುತ್ತಿದ ಮೇಲೆ ಮತ್ತೆ ಮತ್ತೆ ಬೆರಳಿನ ಬಣ್ಣ ನೋಡತಕ್ಕದ್ದು ಎಂದಿತ್ತು. ಅವನು ಕುಳಿತುಕೊಂಡ. ಎರಡನೆಯದನ್ನು ಓದಿದ, ಮೂರನೆಯದನ್ನು ಓದಿದ. ಮೊದಲ ವರ್ಷ ಹನ್ನೊಂದು ಓಲೆಗಳು, ಮರುವರ್ಷ ಏಳು, ಕಳೆದ ವರ್ಷ ಎರಡು. ಬೆರಳು ಕಪ್ಪಾದ ಸಂಗತಿ ಮತ್ತೆಲ್ಲೂ ಇರಲಿಲ್ಲ. ಅವನ ಮುಖ ಅರಳಿತು. ಶಿಷ್ಯರನ್ನು ಹತ್ತಿರ ಕರೆದು ಒಂದೊಂದು ಓಲೆಯ ಬಗ್ಗೆಯೂ ಕೇಳಿದ. ಬಾಯಿಪಾಠ ಮರೆತುಹೋಯಿತು. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ಒಬ್ಬ ತನ್ನ ತಪ್ಪನ್ನು ತೋರಿಸಲು ಗೆಳೆಯನ ಕಾಲಿಗೇ ಪಟ್ಟಿ ಸುತ್ತಿಬಿಟ್ಟ. ಬಡಿಸಿದ ಊಟ ಆರಿಹೋದದ್ದು ಯಾರಿಗೂ ತಿಳಿಯಲಿಲ್ಲ.

ವೈದ್ಯ ಮಾತ್ರ ದೂರ ಕುಳಿತಿದ್ದ. ಬಹಳ ಹೊತ್ತಿನ ಮೇಲೆ ಎದ್ದು, ಖಾಲಿ ಓಲೆಯೊಂದನ್ನು ತೆಗೆದುಕೊಂಡು ಬರೆದ: "ಇಂದು ಪರೀಕ್ಷಕರು ಕೇಳಿದಾಗ ಅಂಜಿ ಸುಳ್ಳು ಹೇಳಿದೆ. ಇನ್ನು ಈ ಕಂತೆ ಎಲ್ಲರ ಕೈಗೆ ಸಿಗುವಲ್ಲಿ ಇರತಕ್ಕದ್ದು." ಅದನ್ನು ಪರೀಕ್ಷಕನ ಕೈಯಲ್ಲಿಟ್ಟು ತಲೆ ತಗ್ಗಿಸಿ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. ಶಾಲೆಗೆ ಮುದ್ರೆ ಸಿಕ್ಕಿತೇ ಎಂದು ಕೇಳಿದ.

"ಸಿಕ್ಕಿತು, ಪರೀಕ್ಷಕ ಅದನ್ನು ಒತ್ತಿದ್ದು ಆ ಕೊನೆಯ ಓಲೆಯ ಮೇಲೆ."