ಒದ್ದೆ ಜಗಲಿಯ ಮೂರು ಒಗಟು

ಕಂಚಿನಕೋಟೆಯ ಪೇಟೆ ಬೀದಿಯಲ್ಲಿ ಒಂದು ಬೆಳಿಗ್ಗೆ ಡಂಗುರ ಸಾರಿದರು. "ಪೇಟೆಯಲ್ಲಿ ಕಳ್ಳತನ ಹೆಚ್ಚಿದೆ, ಗಿರಾಕಿಗಳು ಹೆದರುತ್ತಿದ್ದಾರೆ. ಬೀದಿಯನ್ನು ನಿರ್ಭಯ ಮಾಡಬಲ್ಲ ಜಾಣ ಅರಮನೆಗೆ ಬರಲಿ. ರಾಜರ ಸೋದರತ್ತೆ ಪದ್ಮಲದೇವಿಯವರು ಮೂರು ಒಗಟು ಹೇಳುತ್ತಾರೆ. ಬಿಡಿಸಿದವನಿಗೆ ಪೇಟೆ ಕಾವಲಿನ ಅಧಿಕಾರ, ಇರಲು ಒಂದು ಮನೆ. ತಪ್ಪಿದವನಿಗೆ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಅಂಗಡಿ ಜಗಲಿಗಳ ಮೇಲೆ ಮಲಗುವವರನ್ನೆಲ್ಲ ಕೋಟೆಯಾಚೆ ಅಟ್ಟಲಾಗುವುದು."

ರಾಜ ವೀರಭೂಪ ಕೆಟ್ಟವನೇನಲ್ಲ. ಒಂದು ತೀರ್ಮಾನ ಮಾಡಿ ಎಂದರೆ ಮಾತ್ರ ಅವನಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ವರ್ತಕರು ದಿನಾ ಬಂದು ಜಗಲಿಯವರನ್ನು ಓಡಿಸಿ ಎನ್ನುತ್ತಿದ್ದರು. ಉಪ್ಪರಿಗೆಯಲ್ಲಿ ಕೂತು ಬೀದಿ ನೋಡುತ್ತಿದ್ದ ಅತ್ತೆ ಬೇಡ ಎನ್ನುತ್ತಿದ್ದಳು. ಇಬ್ಬರ ಕಾಟ ತಾಳಲಾರದೆ ಒಗಟಿನ ಮೇಲೆ ಭಾರ ಹಾಕಿ ಅವನು ಹಾಯಾಗಿದ್ದ.

ಜಗಲಿಯವರಲ್ಲಿ ಕೊಟ್ರನೂ ಒಬ್ಬ. ಹಗಲೆಲ್ಲ ಪೇಟೆಯಲ್ಲಿ ಮೂಟೆ ಹೊರುವವನು. ಕೋಟೆಗೆ ಹೊಸ ಕಂದಕ ತೋಡಿದಾಗ ಅವನ ಗುಡಿಸಲು ಕಂದಕದ ಪಾಲಾಗಿ, ತಾಯಿ ಹಾಲವ್ವನೊಡನೆ ಬಟ್ಟೆ ಅಂಗಡಿಯೊಂದರ ಜಗಲಿ ಸೇರಿದ್ದ. ಹಾಲವ್ವನ ಮೊಣಕಾಲು ಊದಿ ನಡೆಯಲಾಗುತ್ತಿರಲಿಲ್ಲ. ಮಲಗುವ ಮುನ್ನ ಅಂಗೈಯಿಂದ ಕಲ್ಲು ಸವರಿ ಒಣಗಿದೆಯೇ ಎಂದು ನೋಡುವುದು ಅವಳ ರೂಢಿ. ಕೋಟೆಯಾಚೆಯ ಬಯಲಲ್ಲಿ ಕಿರುಬಗಳಿದ್ದವು. ಅಲ್ಲಿಗೆ ಅಟ್ಟಿದರೆ ತಾಯಿ ಹೆಚ್ಚು ದಿನ ಉಳಿಯುವುದಿಲ್ಲವೆಂದು ಕೊಟ್ರನಿಗೆ ಗೊತ್ತಿತ್ತು.

ಅರಮನೆಗೆ ಮೊದಲು ಹೋದವನು ಹಳೆಯ ದಳವಾಯಿ. ಅತ್ತೆ ಮೊದಲ ಒಗಟು ಹೇಳಿದಳು. "ಇವನು ಪೇಟೆ ಕಾಯುತ್ತಾನೆ. ಕಾಯುತ್ತಿದ್ದೇನೆಂದು ಅವನಿಗೂ ಗೊತ್ತಿಲ್ಲ, ಯಾರ ಸೊತ್ತು ಕಾಯುತ್ತಾನೋ ಅವರಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದಾಗಲೂ ಅವನ ಕಾವಲು ನಡೆಯುತ್ತದೆ. ಯಾರವನು?"

ದಳವಾಯಿ ಮೀಸೆ ನೀವಿಕೊಂಡು, ಬೀದಿನಾಯಿ ಎಂದ. ಕಾಯುತ್ತಿದ್ದೇನೆಂದು ನಾಯಿಗೆ ಚೆನ್ನಾಗಿ ಗೊತ್ತು ಎಂದಳು ಅತ್ತೆ. ಮಧ್ಯಾಹ್ನದ ಹೊತ್ತಿಗೆ ಅವನ ರುಮಾಲು ಮನೆಗೆ ಬಂತು, ತಲೆ ಬರಲಿಲ್ಲ. ಮರುದಿನ ಆಸ್ಥಾನದ ಜೋಯಿಸ ಹೋಗಿ, ಯೋಗನಿದ್ರೆಯಲ್ಲಿರುವ ದೇವರು ಎಂದ. ದೇವರಿಗೆ ಗೊತ್ತಿಲ್ಲದ್ದೂ ಉಂಟೇ ಎಂದು ಅತ್ತೆ ಕೇಳಿದಳು. ಅವನ ಪಂಚಾಂಗವೂ ಒಂಟಿಯಾಗಿ ಮನೆ ಸೇರಿತು. ಆಮೇಲೆ ಯಾರೂ ಅತ್ತ ಸುಳಿಯಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಂತೆ ವರ್ತಕರ ಮುಖ ಅರಳುತ್ತಿತ್ತು.

ಕೊಟ್ರ ಹೊರಟು ನಿಂತಾಗ ಹಾಲವ್ವ ಅವನ ಪಂಚೆಯ ಚುಂಗು ಹಿಡಿದಳು.

"ನಿನ್ನ ತಲಿ ಹೋದಮ್ಯಾಲೆ ಈ ಜಗಲಿ ಇಟಗೊಂಡು ನಾನೇನ್ ಮಾಡ್ಲೋ?"

ಕೊಟ್ರ ಮೆಲ್ಲಗೆ ಅವಳ ಕೈ ಬಿಡಿಸಿಕೊಂಡು ನಡೆದ.

ಅರಮನೆಯಲ್ಲಿ ಅತ್ತೆ ಅದೇ ಮೊದಲ ಒಗಟು ಹೇಳಿದಾಗ ಅವನು ಪೇಟೆಯ ಅಂಗಡಿಗಳನ್ನು ಒಂದೊಂದಾಗಿ ನೆನೆದುಕೊಂಡ. ಆಮೇಲೆ ಹೇಳಿದ. "ಜಗಲಿ ಮ್ಯಾಲೆ ಮಲಗಿದೋರು, ಅವ್ವಾರೆ. ಮಂದಿ ಬಿದ್ದಿರೋ ಬಾಗಲಿಗೆ ಕಳ್ಳ ಕೈ ಹಾಕಂಗಿಲ್ಲ. ಕಳುವಾಗಿದ್ದೆಲ್ಲ ಮಂದಿ ಮಲಗದ ಅಂಗಡಿಗಳಾಗೇ."

ಸಭೆಯಲ್ಲಿದ್ದ ವರ್ತಕರು ಮುಖ ಮುಖ ನೋಡಿಕೊಂಡರು. ಮಾತು ನಿಜವಾಗಿತ್ತು. ಅತ್ತೆ ಎರಡನೆಯದನ್ನು ಕೇಳಿದಳು. "ದೇವಿಗೆಂದು ಹಾಕುತ್ತಾರೆ, ದೇವಿಗೆ ಮುಟ್ಟುವುದಿಲ್ಲ. ಏಟಲ್ಲ, ಆದರೂ ಮೈ ನರಳುತ್ತದೆ. ಬಿಸಿಲೇರಿದರೆ ಗುರುತೂ ಉಳಿಯುವುದಿಲ್ಲ. ಏನದು?"

ಇದಕ್ಕೆ ಕೊಟ್ರ ಯೋಚಿಸಲಿಲ್ಲ. "ನೀರು, ಅವ್ವಾರೆ. ದೀಪ ಹಚ್ಚೋ ಹೊತ್ತಿಗೆ ಲಕ್ಷ್ಮಿ ಬರ್ತಾಳಂತ ಅಂಗಡಿ ಬಾಗಲಿಗೆ ನೀರು ಚಿಮುಕಿಸೋದು ಪದ್ಧತಿ. ಈಗ ಕೊಡಗಟ್ಟಲೆ ಸುರೀತಾರ, ನಾವು ಮಲಗಬಾರದು ಅಂತ. ನಮ್ಮವ್ವನ ಕಾಲು ಹೋಗಿದ್ದು ಆ ನೀರಿನಾಗೇ."

ಅತ್ತೆ ಕೊನೆಯದನ್ನು ಹೇಳಿದಳು. "ಎಷ್ಟು ದೂಡಿದರೂ ಕಡಿಮೆಯಾಗದು, ಈ ಬೀದಿಯಿಂದ ಆ ಬೀದಿಗೆ ಹೋಗುತ್ತದೆ. ಒಂದು ಮೂಲೆ ಕೊಟ್ಟರೆ ನಿಂತಲ್ಲೇ ಮಾಯವಾಗುತ್ತದೆ. ಏನದು?"

"ಮನಿ ಇಲ್ಲದಿರೋದು," ಎಂದ ಕೊಟ್ರ.

ಸಭೆ ತಲೆದೂಗಿತು. ರಾಜ ಎದ್ದು ಬಂದು ತನ್ನ ಕೊರಳ ಹಾರವನ್ನು ಅವನಿಗೆ ಹಾಕಿದ. ಕೊಟ್ರ ಕೈಮುಗಿದು, ಹಾರ ಬೇಡ ಬುದ್ಧೀ, ಜಗಲಿಯವರಿಗೆಲ್ಲ ಆ ಮೂಲೆ ಕೊಡಿಸಿ ಎಂದು ಬೇಡಿಕೊಂಡ. ಅದಕ್ಕೂ ಎಲ್ಲರೂ ಒಪ್ಪಿದರು. ನ್ಯಾಯವಾದ ಮಾತು, ಕೊಡಲೇಬೇಕು ಎಂದರು ವರ್ತಕರು, ದೇವಸ್ಥಾನದ ಮಂಟಪ ಖಾಲಿ ಇದೆಯಲ್ಲ. ಮಡಿ ಕೆಡುತ್ತದೆ, ಆನೆಲಾಯ ದೊಡ್ಡದಿದೆ ಎಂದರು ಅರ್ಚಕರು. ಆನೆ ಬೆದರುತ್ತದೆ, ಛತ್ರವಿದೆಯಲ್ಲ ಎಂದ ಲಾಯದವನು. ಛತ್ರ ಪರವೂರಿನವರಿಗೆ, ಇವರು ಈ ಊರಿನವರೇ, ಇವರಿಗೆ ಪೇಟೆಯೇ ಅನುಕೂಲ ಎಂದ ಛತ್ರದವನು. ಮಾತು ಊರೆಲ್ಲ ಸುತ್ತಿ ಮತ್ತೆ ಅಂಗಡಿ ಬಾಗಿಲಿಗೇ ಬಂತು. ಇಷ್ಟು ಒಳ್ಳೆಯ ಜನ ಇಷ್ಟು ಒಳ್ಳೆಯ ಮಾತಾಡಿದ್ದನ್ನು ಆ ಸಭೆ ಹಿಂದೆಂದೂ ಕಂಡಿರಲಿಲ್ಲ.

ರಾಜನಿಗೆ ಹೊಟ್ಟೆನೋವು ಶುರುವಾಯಿತು.

"ನೀನು ಹೇಳಿದ್ದು ಸರಿಯಪ್ಪ. ಮೂಲೆ ಹುಡುಕೋಣ. ಅಲ್ಲಿಯವರೆಗೆ ಜಗಲಿ ತೆರವಾಗಲಿ, ಪರದೇಶದ ವರ್ತಕರು ಬರುವವರಿದ್ದಾರೆ. ಕಾವಲಿನ ಅಧಿಕಾರ ಈಗ ನಿನ್ನದೇ. ನೀನಾದರೆ ಮೃದುವಾಗಿ ಕಳಿಸುತ್ತೀ."

ಕೊಟ್ರ ಅತ್ತೆಯ ಕಡೆ ನೋಡಿದ. ಒಗಟು ಹೇಳುವ ಅಧಿಕಾರವಷ್ಟೇ ಅವಳಿಗಿದ್ದದ್ದು. ಅವಳು ತಲೆ ತಗ್ಗಿಸಿದಳು. ಒಲ್ಲೆ ಎಂದರೆ ಹಳೆಯ ಕಾವಲಿನವರು ದೊಣ್ಣೆ ಹಿಡಿದು ಬರುತ್ತಾರೆ. ಅದು ನೆನಪಾಗಿ ಕೊಟ್ರ ಒಪ್ಪಿಕೊಂಡ.

ಮರುದಿನ ಅವನು ಜಗಲಿಯಿಂದ ಜಗಲಿಗೆ ಹೋಗಿ ಕೈಮುಗಿದು ನಿಂತ. ಅಲ್ಲಿದ್ದವರಿಗೆ ಜಗಳವಾಡಲೂ ಮನಸ್ಸು ಬರಲಿಲ್ಲ. "ನೀನಾ ಕೊಟ್ರ? ಹೋಗ್ಲಿ ಬಿಡಪ್ಪ, ನೀನಾದ್ರೂ ಏನ್ ಮಾಡ್ತಿ," ಎಂದು ಪಕ್ಕದ ಜಗಲಿಯ ಮುದುಕಿ ಬಸಲಿ ಚಾಪೆ ಸುತ್ತಿಕೊಂಡಳು. ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಸಂಜೆಗೆ ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಹೊಸ ಮನೆಗೆ ತಂದ. ಹಾಲವ್ವ ನೆಲದ ಮೇಲೆ ಕೂತು ರೂಢಿಯಂತೆ ಅಂಗೈಯಿಂದ ಸವರಿ ನೋಡಿದಳು. ನೆಲ ಒಣಗಿತ್ತು, ಬೆಚ್ಚಗಿತ್ತು. ಆದರೂ ಅವಳು ಮಲಗಲಿಲ್ಲ.

"ಬಸಲಿ ಎಲ್ಲಿ ಮಲಗ್ತಾಳೋ ಮಗಾ?" ಎಂದು ಕೇಳಿದಳು.

ಮೂರು ಒಗಟು ಬಿಡಿಸಿದ ಕೊಟ್ರ ಬಾಗಿಲ ಬಳಿ ಗೋಡೆಗೆ ಒರಗಿ ಕೂತ. ತಾಯಿ ಮತ್ತೆ ಕೇಳಿದಳು.