ಪಾದದ ಅಳತೆ

ಕಪಿಲೆಯ ದಡದ ಆಶ್ರಮವೊಂದರಲ್ಲಿ ಆರಾಧ್ಯರೆಂಬ ಗುರುಗಳಿದ್ದರು. ಪೂರ್ವಾಶ್ರಮದಲ್ಲಿ ಕಾರ್ಖಾನೆಯಲ್ಲಿ ಲೋಹದ ಅಚ್ಚು ಮಾಡುತ್ತಿದ್ದವರು. ಆಶ್ರಮದ ಹಿಂದಿನ ಶೆಡ್ಡಿನಲ್ಲಿ ಒಂದು ಕಂಪ್ಯೂಟರ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು, ದಿಕ್ಕು ಕಾಣದೆ ಬಂದವರಿಗೆ ಲೋಹ ಕತ್ತರಿಸುವ ವಿದ್ಯೆ ಹೇಳಿಕೊಡುತ್ತಿದ್ದರು.

ಹಾಗೆ ಬಂದವಳು ವಿನುತಾ. ಗಂಡನ ಮನೆಯಲ್ಲಿ ಬಾಳಲಾರದೆ ಉಟ್ಟ ಸೀರೆಯಲ್ಲೇ ಹೊರಟು ಬಂದಿದ್ದಳು. ಮಗಳು ಪೂರ್ವಿ ಅಲ್ಲೇ ಉಳಿದಿದ್ದಳು.

ವಿನುತಾ ಬೇಗ ಕಲಿತಳು. ನಕ್ಷೆಯ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಆಕಾರದ ಅಂಚಿನ ಗೆರೆಯನ್ನು ಆರಿಸಿಕೊಳ್ಳಬೇಕು. ಲೋಹ ಕೊರೆಯುವ ದುಂಡನೆಯ ಅಲಗು, ಅಂದರೆ ಕಟರ್, ಯಾವ ದಾರಿಯಲ್ಲಿ ಸುತ್ತಬೇಕು, ಒಂದೊಂದು ಸುತ್ತಿಗೂ ಎಷ್ಟು ಆಳ ಇಳಿಯಬೇಕು ಎಂದು ಪ್ರೋಗ್ರಾಂ ಮಾಡಬೇಕು. ಆಮೇಲೆ ಯಂತ್ರ ಅದೇ ದಾರಿ ಹಿಡಿದು, ಲೋಹದ ಹಲಗೆಯಿಂದ ಆಕಾರವನ್ನು ಬಿಡಿಸಿ ಕೊಡುತ್ತದೆ.

ಒಂದು ಬೆಳಿಗ್ಗೆ ಆರಾಧ್ಯರು ಹೇಳಿದರು. "ಬೇರೆಯವರ ನಕ್ಷೆ ಸಾಕು. ನಿಂದೇ ಒಂದು ತಗೊಂಡು ಬಾ."

ಮನೆ ಬಿಡುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಅವಳು ತಂದಳು. ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಪುಟ್ಟ ಪಾದವೊಂದರ ಗೆರೆ.

"ಪೂರ್ವಿಗೆ ಚಪ್ಪಲಿ ತರೋಣ ಅಂತ ಅಳತೆ ತಗೊಂಡಿದ್ದೆ. ಆಗ ಅವಳಿಗೆ ಎರಡು ವರ್ಷ. ತರೋ ಮೊದಲೇ ಮನೆ ಬಿಟ್ಟೆ."

"ಏನು ಮಾಡ್ತೀಯ ಇದನ್ನ?"

"ಹಿತ್ತಾಳೆಯಲ್ಲಿ ಬಿಡಿಸ್ಕೋತೀನಿ, ಗುರುಗಳೇ. ಕೈಯಲ್ಲಿ ಹಿಡ್ಕೊಳ್ಳೋ ಹಾಗೆ."

ಆರಾಧ್ಯರು ಕಪಾಟಿನಿಂದ ಹಿತ್ತಾಳೆಯ ಹಲಗೆ ತೆಗೆದುಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಪಾದ ಸಿದ್ಧವಾಯಿತು. ಗುರುಗಳು ಅದನ್ನು ಹಾಳೆಯ ಮೇಲಿಟ್ಟರು. ಹಿತ್ತಾಳೆಯ ಸುತ್ತಲೂ ಪೆನ್ಸಿಲಿನ ಗೆರೆ ಆಚೆಗೇ ಉಳಿದಿತ್ತು.

"ಸಣ್ಣದಾಗಿದೆ."

ವಿನುತಾಳ ಮುಖ ಬಾಡಿತು. "ಕಟರನ್ನ ಗೆರೆ ಮೇಲೇ ಓಡಿಸಿದೆ, ಗುರುಗಳೇ. ಒಂದು ಕೂದಲೆಳೆಯಷ್ಟೂ ಆಚೆ ಬಿಡಲಿಲ್ಲ."

"ಅದಕ್ಕೇ."

"ಆಂ?"

"ಕಟರಿಗೂ ಒಂದು ಮೈ ಇದೆಯಲ್ಲ ತಾಯಿ. ನೀನು ಅದನ್ನ ಗೆರೆ ಮೇಲೆ ನಿಲ್ಲಿಸಿದೆ. ಅದರ ಅರ್ಧ ಮೈ ಮಗುವಿನ ಪಾದದ ಒಳಗೆ ಹೋಯ್ತು."

ಇಷ್ಟು ದಿನ ಬೇರೆಯವರ ನಕ್ಷೆಗಳಿಗೆ ಗೆರೆಯಾಚೆ ಮರೆಯದೆ ಬಿಟ್ಟಿದ್ದ, ಕಟರಿನ ಅರ್ಧ ಮೈಯಷ್ಟು ಅಂತರವನ್ನು ಮಗಳ ಪಾದಕ್ಕೆ ಬಿಡಲು ಅವಳ ಕೈ ಬಂದಿರಲಿಲ್ಲ.

ವಿನುತಾ ಹಿತ್ತಾಳೆಯ ಪಾದವನ್ನು ಹಾಳೆಯ ಮೇಲಿಂದ ಎತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು ದೂರ ಇದ್ದಿದ್ದೇ ಒಳ್ಳೇದಾಯ್ತು" ಎಂದಳು.

"ಕಟರ್ ದೂರ ನಿಂತ್ಕೊಂಡು ಏನು ಮಾಡುತ್ತೆ?"

"ಪಾದದ ಸುತ್ತಲೇ ಸುತ್ತುತ್ತೆ."

"ನೀನು?"

ಅವಳು ಯಂತ್ರದ ಮೇಲೆ ಉದುರಿದ್ದ ಹಿತ್ತಾಳೆಯ ಚೂರುಗಳನ್ನು ಗುಡಿಸತೊಡಗಿದಳು.

ಮರುದಿನ ಅವಳು ಅಂತರ ಬಿಟ್ಟು ಪ್ರೋಗ್ರಾಂ ಮಾಡಿದಳು. ಈ ಸಲ ಹಿತ್ತಾಳೆ ಗೆರೆಯ ಮೇಲೆ ಸರಿಯಾಗಿ ಕೂತಿತು. ಅವಳು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಸೆರಗಿನಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತಳು. ಹಿತ್ತಾಳೆ ಮೈಯ ಬಿಸಿಗೆ ಬೆಚ್ಚಗಾಯಿತು.

ಆರಾಧ್ಯರು ಬಂದು ಪಕ್ಕದಲ್ಲಿ ಕೂತರು.

"ಮಗೂಗೆ ಈಗೆಷ್ಟು ವಯಸ್ಸು?"

"ಬರೋ ಯುಗಾದಿಗೆ ಆರು ತುಂಬುತ್ತೆ."

"ಇದು ಯಾರ ಪಾದ?"

ವಿನುತಾಳ ಬೆರಳು ಹಿತ್ತಾಳೆಯ ಮೇಲೆ ನಿಂತುಬಿಟ್ಟಿತು.

ಅವಳು ಎದ್ದು ಶೆಡ್ಡಿಗೆ ಹೋದಳು. ಕಂಪ್ಯೂಟರಿನ ಮುಂದೆ ಕೂತು ಗೆರೆಯನ್ನು ಹಿಗ್ಗಿಸಿದಳು. ಸಾಲದೆನಿಸಿತು. ಇನ್ನಷ್ಟು ಹಿಗ್ಗಿಸಿದಳು. ಹೆಚ್ಚಾಯಿತೆನಿಸಿ ಕುಗ್ಗಿಸಿದಳು. ಆರು ವರ್ಷದ ಮಗುವಿನ ಪಾದ ಎಷ್ಟುದ್ದ ಇರುತ್ತದೆಂದು ಅವಳಿಗೆ ತಿಳಿಯದು. ಆ ವಯಸ್ಸಿನ ಮಕ್ಕಳು ಎದುರಾದರೆ ಅವಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಗುರುಗಳು ಬಾಗಿಲಲ್ಲಿ ನಿಂತು ನೋಡಿದರು. ಕಂಪ್ಯೂಟರಿನ ಪರದೆಯ ತುಂಬ ದೊಡ್ಡದೊಂದು ಪಾದ. ಬೆರಳುಗಳ ಆಕಾರ ಮಾತ್ರ ಎರಡು ವರ್ಷದ ಮಗುವಿನದು.

"ಮಕ್ಕಳು ಹೀಗೆ ಬೆಳೀತಾರೇನಮ್ಮ?"

"ಮತ್ತೇನು ಮಾಡ್ಲಿ, ಗುರುಗಳೇ? ಒಂದು ಸಲ ಹೋಗಿದ್ದೆ. ನನ್ನ ನೋಡಿ ಪೂರ್ವಿ ಅಜ್ಜಿ ಸೆರಗಿನ ಹಿಂದೆ ಅವಿತ್ಕೊಂಡಳು. ಆಮೇಲೆ ಆ ಕಡೆ ಕಾಲಿಡೋ ಧೈರ್ಯ ಬರಲಿಲ್ಲ."

ಆರಾಧ್ಯರು ಗೋಡೆಯ ಹತ್ತಿರ ಹೋಗಿ ಯಂತ್ರದ ಸ್ವಿಚ್ಚು ಆರಿಸಿದರು. ಕಂಪ್ಯೂಟರಿನದೂ ಆರಿಸಿದರು. ಮೇಜಿನ ಮೇಲಿದ್ದ ಪೆನ್ಸಿಲನ್ನು ಅವಳ ಕೈಗಿಟ್ಟರು.

"ಅಳತೆ ಇಲ್ಲದೆ ಕೆಲಸ ಹಿಡೀಬಾರದು. ಹೋಗು."

ಹೊಳೆಯಾಚೆಯ ಗಂಡನ ಊರಿಗೆ ಅವಳು ಸೇತುವೆ ದಾಟಿ ನಡೆದೇ ಹೋದಳು. ದಾರಿಯುದ್ದಕ್ಕೂ ವಾಪಸು ತಿರುಗಲು ನೆವ ಹುಡುಕಿದಳು. ಯಾವುದೂ ಸಿಗಲಿಲ್ಲ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿದರು.

"ಏನು ಬಂದೆ?"

"ಪೂರ್ವಿಗೆ ಚಪ್ಪಲಿ ಅಳತೆ ತಗೋಬೇಕಿತ್ತು, ಅತ್ತೆ."

ಅತ್ತೆ ಇನ್ನೆರಡು ಕಾಯಿ ಬಿಡಿಸಿದರು. ಆಮೇಲೆ ಒಳಗೆ ತಿರುಗಿ, "ಪೂರ್ವೀ, ಬಾ ಇಲ್ಲಿ" ಎಂದು ಕರೆದರು.

ಹುಡುಗಿ ಬಂದು ನಿಂತಳು. ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿತ್ತು. ವಿನುತಾಳನ್ನು ನೆತ್ತಿಯಿಂದ ಕಾಲಿನವರೆಗೆ ನೋಡಿದಳು.

"ನೀವು ಚಪ್ಪಲಿ ಅಂಗಡಿಯವರಾ?"

ವಿನುತಾ ಹೊಸದೊಂದು ಹಾಳೆಯನ್ನು ನೆಲದ ಮೇಲೆ ಹಾಸಿದಳು.

"ಕಾಲಿಡಮ್ಮ."

ಪೂರ್ವಿ ಕಾಲಿಟ್ಟಳು. ವಿನುತಾ ಹಿಮ್ಮಡಿಯ ಒಂದು ಬದಿಯಿಂದ ಗೆರೆ ಶುರುಮಾಡಿದಳು. ಹೆಬ್ಬೆರಳು ಉದ್ದವಾಗಿತ್ತು. ಕಿರುಬೆರಳು ಒಳಕ್ಕೆ ಬಾಗಿತ್ತು, ತನ್ನದರ ಹಾಗೇ. ಅದು ಎರಡು ವರ್ಷದ ಪಾದದಲ್ಲಿ ಕಂಡಿರಲಿಲ್ಲ. ಪೆನ್ಸಿಲು ಅಂಗಾಲಿನ ಬದಿಗೆ ಬಂದಾಗ ಹುಡುಗಿಗೆ ಕಚಗುಳಿಯಾಯಿತು. ಕಿಲಕಿಲ ನಕ್ಕು, ಕಾಲು ಕಿತ್ತುಕೊಂಡು ಒಳಗೆ ಓಡಿದಳು.

ವಿನುತಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಾಳೆ ಮಡಚಿಕೊಂಡು ಅಂಗಳಕ್ಕಿಳಿದಳು.

"ನಂಗೆ ನೀಲಿದು ಬೇಕು." ಬಾಗಿಲ ಮರೆಯಿಂದ ದನಿ ಬಂತು.

ಅತ್ತೆ ಅವರೆಕಾಯಿ ಬಿಡಿಸುತ್ತಲೇ ಇದ್ದರು. ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಆರಾಧ್ಯರು ಶೆಡ್ಡಿಗೆ ಬಂದಾಗ ವಿನುತಾ ಕಂಪ್ಯೂಟರಿನ ಮುಂದಿದ್ದಳು. ಹೊಸ ಪಾದ ಅದರಲ್ಲಿತ್ತು. ಹಿಮ್ಮಡಿಯ ಹತ್ತಿರ ಗೆರೆಯ ಎರಡು ತುದಿಗಳು ಒಂದನ್ನೊಂದು ಮುಟ್ಟದೆ ನಿಂತಿದ್ದವು.

"ಗೆರೆ ಕೂಡಿಲ್ಲ, ಗುರುಗಳೇ. ಒಳಗು ಯಾವುದು, ಹೊರಗು ಯಾವುದು ಅಂತ ಕಂಪ್ಯೂಟರಿಗೆ ಗೊತ್ತಾಗ್ತಿಲ್ಲ. ಪ್ರೋಗ್ರಾಂ ತಗೋತಾ ಇಲ್ಲ."

"ಹೂಂ."

"ಅವಳು ಓಡಿಹೋದ ಜಾಗ ಅದು. ನಾನೇ ಎರಡು ತುದಿ ಸೇರಿಸಿಬಿಟ್ರೆ ಕೂಡುತ್ತೆ. ಸಂಜೆಯೊಳಗೆ ಮುಗಿದೂ ಹೋಗುತ್ತೆ." ಅವಳು ಮೌಸನ್ನು ಸರಿಸಿ ಬಾಣವನ್ನು ಒಂದು ತುದಿಯ ಮೇಲೆ ನಿಲ್ಲಿಸಿದಳು. "ಸೇರಿಸಲಾ?"

ಆರಾಧ್ಯರು ಆ ಬಾಗಿದ ಕಿರುಬೆರಳನ್ನು ಬಹಳ ಹೊತ್ತು ನೋಡಿದರು.

"ಮುಗಿಸೋಕೆ ಏನವಸರ ತಾಯಿ? ಪಾದ ಇನ್ನೂ ಬೆಳೀತಾ ಇದೆ."