ಬಡಿತದ ಬೆನ್ನಿಗೊಂದು ಅಲೆ

ಎದೆಬಡಿತ ಬರೆಯುವ ಯಂತ್ರದೊಳಗೆ ಎರಡು ಫಿಲ್ಟರ್‌ಗಳಿದ್ದವು, ಒಂದು ಬಿಗಿ, ಇನ್ನೊಂದು ಸಡಿಲ. ಕರೆಂಟಿನ ಗದ್ದಲ ಬಡಿತದೊಂದಿಗೆ ಬೆರೆಯದಂತೆ ತಡೆಯುವುದು ಅವುಗಳ ಕೆಲಸ.

"ನೀನು ಗದ್ದಲವನ್ನು ಒಳಗೆ ಬಿಡುತ್ತೀಯೆ," ಎಂದಿತು ಬಿಗಿ ಫಿಲ್ಟರ್. "ನಾನು ಎಳ್ಳಷ್ಟೂ ಬಿಡುವುದಿಲ್ಲ."

"ನಿಜ," ಎಂದಿತು ಸಡಿಲ ಫಿಲ್ಟರ್. "ಆದರೆ ಬಡಿತದ ಆಕಾರವನ್ನು ನಾನು ಕೆಡಿಸುವುದಿಲ್ಲ."

ಅಷ್ಟರಲ್ಲಿ ಗುಲಾಬಿ ಎಂಬ ಹೆಂಗಸನ್ನು ಮಂಚದ ಮೇಲೆ ಮಲಗಿಸಿದರು. ಡಾಕ್ಟರ್ ಫ್ಲೇವಿಯಾ ಬಿಗಿ ಫಿಲ್ಟರನ್ನೇ ಆರಿಸಿದರು. ಕಾಗದದ ಮೇಲೆ ಗೆರೆ ಶುಭ್ರವಾಗಿ ಬಂತು. ಆದರೆ ಪ್ರತಿ ಬಡಿತದ ಬೆನ್ನಿಗೂ ಒಂದು ಸಣ್ಣ ಅಲೆಯಿತ್ತು. ಡಾಕ್ಟರರ ಮುಖ ಗಂಭೀರವಾಯಿತು.

"ಇವರನ್ನು ಐಸಿಯುಗೆ ಸೇರಿಸಬೇಕಾಗಬಹುದು," ಎಂದರು. ಗುಲಾಬಿ ಪಕ್ಕದಲ್ಲಿದ್ದ ಮಗಳ ಕೈ ಹಿಡಿದುಕೊಂಡಳು.

"ಆ ಅಲೆ ಅವಳದೇ?" ಎಂದು ಸಡಿಲ ಫಿಲ್ಟರ್ ಕೇಳಿತು.

ಬಿಗಿ ಫಿಲ್ಟರ್ ಒಪ್ಪಿಕೊಂಡಿತು. "ಅಲ್ಲ. ಬಡಿತ ಜೋರಾಗಿ ಬಂದಾಗಲೆಲ್ಲ, ಇಷ್ಟು ಬಿಗಿದುಕೊಂಡಿರುವ ನಾನೇ ನಡುಗುತ್ತೇನೆ. ಅದು ನನ್ನ ನಡುಕ."

"ಹಾಗಂತ ಅವರಿಗೆ ಹೇಳು."

"ಆ ಗೆರೆ ಬಿಟ್ಟರೆ ನನಗೆ ಬೇರೆ ಬಾಯಿಲ್ಲ."

ಇನ್ನೊಮ್ಮೆ ನೋಡೋಣವೆಂದು ಡಾಕ್ಟರ್ ಗುಂಡಿ ತಿರುಗಿಸಿದರು. ಸಡಿಲ ಫಿಲ್ಟರಿನ ಗೆರೆ ಉದ್ದಕ್ಕೂ ಒರಟಾಗಿತ್ತು. ಅಲೆ ಎಲ್ಲೂ ಇರಲಿಲ್ಲ. ಅವರು ಶುಭ್ರವಾದ ಕಾಗದವನ್ನು ಹರಿದು ಹಾಕಿ, ಒರಟಾದದ್ದನ್ನು ಗುಲಾಬಿಯ ಫೈಲಿಗೆ ಸೇರಿಸಿದರು.